ಮಂಜೋ ಹೊಗೆಯೋ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಮೂರು ಸಲ ಓದ್ದೆ. ಶಂಕರರು ಒಂದು ಹೇಳ್ತಾರೆ, ರಾಮಾನುಜರು ಇನ್ನೊಂದು, ಮಧ್ವರು ಮತ್ತೊಂದು, ಅದ್ರ ಮೇಲೆ ಯೂಟ್ಯೂಬಲ್ಲಿ ದಿನಕ್ಕೊಬ್ರು ಗುರುಗಳು, ಇದ್ರಲ್ಲಿ ಯಾರ ಮಾತು ಸತ್ಯ ದೊಡ್ಡಪ್ಪ ಅಂತ ಕೇಳಿದೀಯ. ಫೋನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಇಲ್ಲಿ ಮಳೆ ಜೋರಿದೆ, ಕರೆಂಟು ಸಂಜೆನೇ ಹೋಯ್ತು, ಮೊಬೈಲ್ ಚಾರ್ಜು ಇರೋ ತನಕ ಟೈಪ್ ಮಾಡ್ತೀನಿ.

ಯಾರನ್ನ ನಂಬೋದು ಅನ್ನೋದನ್ನ ಸ್ವಲ್ಪ ದಿನ ಪಕ್ಕಕ್ಕಿಡು ಮಗಾ. ನಂಗೊತ್ತು ಅಂತೀವಲ್ಲ, ಅದು ಹೇಗೆ ಗೊತ್ತಾಯ್ತು ಅಂತ ನಮ್ಮ ಹಿಂದಿನವರು ಮೊದ್ಲು ಕೇಳ್ಕೊಳ್ತಿದ್ರು. ಅದಕ್ಕೇ ಪ್ರಮಾಣ ಅನ್ನೋದು. ನ್ಯಾಯದವರು, ಅಂದ್ರೆ ತರ್ಕಶಾಸ್ತ್ರದವರು, ನಾಲ್ಕು ಹೇಳಿದ್ರು, ಕಣ್ಣಾರೆ ಕಂಡಿದ್ದು, ಗುರುತು ನೋಡಿ ಊಹಿಸಿ ತಿಳಿದಿದ್ದು, ಹೋಲಿಸಿ ತಿಳಿದಿದ್ದು, ನಂಬಿಕಸ್ಥರ ಮಾತಿಂದ ತಿಳಿದಿದ್ದು. ಮಧ್ವರು ಮೂರೇ ಸಾಕು ಅಂದ್ರು, ಅದ್ವೈತದವರು ಆರು ಅಂತಾರೆ. ನಮ್ಮನೆಯಿಂದ ಬೆಳಿಗ್ಗೆ ಅದ್ವೈತದವರ ಶೃಂಗೇರಿಗೆ ಹೋಗಿ ಆಗುಂಬೆ ಘಾಟಿ ಇಳಿದ್ರೆ ಸಂಜೆಗೆ ಮಧ್ವರ ಉಡುಪಿ, ಅಷ್ಟು ಹತ್ರ ಇದ್ಕೊಂಡು ನೂರಾರು ವರ್ಷ ವಾದ ಮಾಡಿದ್ರೂ ಹೇಗೆ ಗೊತ್ತಾಯ್ತು ಅಂತ ಲೆಕ್ಕ ಕೊಡೋದನ್ನ ಇಬ್ರೂ ಬಿಡ್ಲಿಲ್ಲ, ಅದು ನಂಗೆ ಬಹಳ ದೊಡ್ಡದಾಗಿ ಕಾಣತ್ತೆ.

ತರ್ಕ ಕಲಿಯೋರಿಗೆ ಮೊದ್ಲು ಹೇಳಿಕೊಡೋದು ಬೆಟ್ಟದ ಉದಾಹರಣೆ. ಬೆಟ್ಟದಲ್ಲಿ ಹೊಗೆ ಕಾಣ್ತಿದೆ, ಹಾಗಾಗಿ ಅಲ್ಲಿ ಬೆಂಕಿ ಇದೆ. ಇಲ್ಲಿ ಮಳೆಗಾಲದಲ್ಲಿ ಗುಡ್ಡದ ನೆತ್ತಿ ಮೇಲೆ ಮಂಜು ಏಳೋದು ನೋಡಿದೀಯಲ್ಲ, ದೂರದಿಂದ ಹೊಗೆ ಅಂತನೇ ಅನ್ಸತ್ತೆ. ಅದನ್ನ ಹೊಗೆ ಅಂದ್ಕೊಂಡೋನು ಮುಂದೆ ಎಷ್ಟೇ ಸರಿಯಾಗಿ ತರ್ಕ ಮಾಡಿದ್ರೂ ಇಲ್ಲದ ಬೆಂಕಿ ಹುಡುಕ್ತಾನೆ.

ನಾನು ಹುಡುಕಿದೀನಿ. ನೀನು ಒಂದನೇ ಕ್ಲಾಸಿಂದ ನಾಲ್ಕನೇ ಕ್ಲಾಸ್ ಮುಗಿಯೋ ತನಕ ನಮ್ಮನೆಗೆ ಬರ್ತಿರ್ಲಿಲ್ಲ, ಯಾಕೆ ಅಂತ ನಿಂಗೆ ಯಾರೂ ಹೇಳಿರ್ಲಿಕ್ಕಿಲ್ಲ. ಆ ವರ್ಷ ಆಷಾಢದಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ನನ್ನ ಕೆಳಗಿನ ತೋಟದಲ್ಲಿ ಮೊಣಕಾಲು ನೀರು, ಹೊಸದಾಗಿ ನೆಟ್ಟ ನಲ್ವತ್ತು ಅಡಿಕೆ ಸಸಿ ಆಮೇಲೆ ಕೊಳೆತೇ ಹೋದ್ವು. ಗಡಿ ಹತ್ರ ಹೋದೆ, ಬಸಿಗಾಲುವೆ ಅಂಚಲ್ಲಿ ಹೊಸದಾಗಿ ಗುದ್ದಲಿ ಹಾಕಿದ ಗುರುತು, ಪಕ್ಕದಲ್ಲಿ ನಿಮ್ಮಪ್ಪನ ಹೆಜ್ಜೆ. ಅಷ್ಟೇ ಸಾಕಾಯ್ತು ನಂಗೆ. ತಮ್ಮ ತನ್ನ ತೋಟ ಉಳಿಸ್ಕೊಳಕ್ಕೆ ನೀರು ನನ್ನ ಕಡೆ ತಿರುಗಿಸಿದಾನೆ ಅಂತ ತೀರ್ಮಾನ ಮಾಡ್ದೆ, ಅವನ್ನ ಒಂದು ಮಾತೂ ಕೇಳ್ಲಿಲ್ಲ, ನಾಲ್ಕು ವರ್ಷ ಮಾತು ಬಿಟ್ಟೆ.

ಆಮೇಲೆ ಒಂದು ಬೇಸಿಗೆ ಕಾಲುವೆ ಹೂಳು ಎತ್ತಿಸ್ತಾ ಇದ್ದೆ. ದಾರಿ ಕೆಳಗಿನ ಮೋರಿ ಬಿಡಿಸಿದ್ರೆ ಒಳಗೆ ಹಲಸಿನ ಬೇರು ಹೆಣೆದ್ಕೊಂಡು ಪೂರ್ತಿ ಕಟ್ಟಿತ್ತು, ನೀರು ಹಿಂದಕ್ಕೆ ಬಂದು ನನ್ನ ತೋಟಕ್ಕೆ ನುಗ್ಗಿದ್ದು ಅದ್ರಿಂದ. ಹಾಗಾದ್ರೆ ಆ ಗುದ್ದಲಿ ಗುರುತು? ಎದೆ ಹೊಡ್ಕೊಳಕ್ಕೆ ಶುರುವಾಯ್ತು. ಎರಡು ಕೊಡ ನೀರು ತಂದು ಅವನು ಕಡಿದಿದ್ದ ಜಾಗದಲ್ಲಿ ಹೊಯ್ದೆ ಪುಟ್ಟಿ, ನೀರು ಅವನ ತೋಟದ ಕಡೆ ಹರೀತು. ಅವತ್ತು ರಾತ್ರಿ ಆ ಮಳೆಲಿ ಎದ್ದು ಬಂದು ನನ್ನ ತೋಟದ ನೀರನ್ನ ಅವನು ತನ್ನ ತೋಟಕ್ಕೆ ಎಳ್ಕೊಂಡಿದ್ದ. ನಾಲ್ಕು ವರ್ಷದ ಹಿಂದೆನೇ ಎರಡು ಕೊಡ ನೀರು ಹೊಯ್ದಿದ್ರೆ ತಿಳೀತಿತ್ತು.

ವೇದವಾಕ್ಯದ ಅರ್ಥ ವಿಚಾರ ಮಾಡೋ ಮೀಮಾಂಸಕರಿಗೂ ನ್ಯಾಯದವರಿಗೂ ಇದ್ರ ಬಗ್ಗೆನೇ ದೊಡ್ಡ ಜಗಳ. ತಿಳುವಳಿಕೆ ಬಂದಾಗ ಅದನ್ನ ಸತ್ಯ ಅಂತನೇ ಹಿಡ್ಕೋ, ತಪ್ಪು ಅಂತ ಕಂಡಾಗ ಬಿಡು ಅಂತಾರೆ ಮೀಮಾಂಸಕರು. ನ್ಯಾಯದವರು ಒಪ್ಪಲ್ಲ, ದೂರದಲ್ಲಿ ನೀರು ಕಂಡ್ರೆ ಹೋಗಿ ಕುಡಿದು ನೋಡು, ಬಾಯಾರಿಕೆ ಹೋದ್ರೆ ಅದು ನೀರು ಅಂತಾರೆ. ಎಲ್ಲದಕ್ಕೂ ಹೀಗೆ ಪರೀಕ್ಷೆ ಮಾಡ್ತಾ ಕೂತ್ರೆ ಬದುಕಕ್ಕಾಗಲ್ಲ, ಅದು ನಿಜ, ಆದ್ರೆ ಇನ್ನೊಬ್ರ ಮೇಲೆ ತಪ್ಪು ಹೊರಿಸೋ ವಿಷಯ ಬಂದ್ರೆ ನಾನು ನ್ಯಾಯದವರ ಕಡೆ.

ನಂಗೆ ಇವತ್ತಿಗೂ ಸಂಕಟ ಆಗೋದು ಏನು ಗೊತ್ತಾ, ಪರೀಕ್ಷೆ ಮಾಡೋದು ನಂಗೆ ಗೊತ್ತಿರ್ಲಿಲ್ಲ ಅಂತಲ್ಲ. ನಮ್ಮಜ್ಜ ಕೊಳೆರೋಗಕ್ಕೆ ಅಡಿಕೆ ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಹೊದಿಕೆ ಕಟ್ತಿದ್ರು, ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಕೋಲ್ಮನ್ 1910ರ ಸುಮಾರಿಗೆ ಈ ರೋಗದ ಮೇಲೆ ಕೆಲಸ ಮಾಡಿ ಬೋರ್ಡೋ ಅನ್ನೋ ಔಷಧಿ ಹೊಡೆಯೋದು ತೋರಿಸಿದ್ರು, ನಾವು ಈಗ್ಲೂ ಅದನ್ನೇ ಹೊಡೀತೀವಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಅಳತೆ ಸರಿ ಹಾಕಿದೀನಿ ಅಂತ ಹಾಗೇ ಮರಕ್ಕೆ ಹೊಡೆಯಲ್ಲ ನಾನು, ಹೊಳೆಯೋ ಚಾಕು ಒಂದನ್ನ ಡ್ರಮ್ಮಲ್ಲಿ ಅದ್ದಿ ನಿಮಿಷ ಬಿಟ್ಟು ತೆಗೀತೀನಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತ್ರೆ ಸುಣ್ಣ ಸಾಲ್ದು ಅಂತ ಲೆಕ್ಕ, ಇನ್ನಷ್ಟು ಹಾಕಿ ಮತ್ತೆ ಅದ್ದಿ ನೋಡೋದು. ಆ ನಾಲ್ಕು ಮಳೆಗಾಲದಲ್ಲೂ ಹೀಗೆ ಚಾಕು ಅದ್ದಿ ನೋಡಿದೀನಿ ನಾನು, ಅದೇ ಗಡಿ ಪಕ್ಕ ನಿಂತ್ಕೊಂಡು.

ಮನಸ್ಸು ತಪ್ಪಬಹುದು, ಒಳಗಿರೋ ಸಾಕ್ಷಿ ತಪ್ಪಲ್ಲ ಅಂತಾರೆ ಮಧ್ವರು. ಆಗ ನನ್ನ ಮನಸ್ಸು ಎಷ್ಟು ಜೋರಾಗಿ ಮಾತಾಡ್ತಿತ್ತು ಅಂದ್ರೆ ಅದನ್ನೇ ಸಾಕ್ಷಿ ಅಂದ್ಕೊಂಡಿದ್ದೆ. ನೀನು ಆಚಾರ್ಯರನ್ನ ಓದು, ಬಿಡ್ಬೇಡ, ಒಬ್ರನ್ನ ಹಿಡ್ಕೊಂಡು ನಿಧಾನಕ್ಕೆ ಓದು, ಗೊತ್ತಿರೋರ ಹತ್ರ ಕೂತು ಪಾಠ ಮಾಡಿಸ್ಕೊಂಡ್ರೆ ಇನ್ನೂ ಒಳ್ಳೇದು. ವಿಡಿಯೋದಲ್ಲಿ ಯಾರಾದ್ರೂ ಇದೇ ಸತ್ಯ ಅಂದ್ರೆ ಇವರಿಗೆ ಹೇಗೆ ಗೊತ್ತಾಯ್ತು ಅಂತ ಒಂದ್ಸಲ ಕೇಳ್ಕೋ. ಆಫೀಸಲ್ಲಿ ಆ ಗೆಳತಿ ನಿನ್ನ ಬಗ್ಗೆ ಏನೋ ಹೇಳಿದಾಳೆ ಅಂತ ಬರ್ದಿದೀಯಲ್ಲ, ಅಲ್ಲೂ ಕೇಳ್ಕೋ, ಅಲ್ಲೇ ಮೊದ್ಲು ಕೇಳ್ಕೋ. ನೀನು ಕಿವಿಯಾರೆ ಕೇಳಿದ್ದಾ, ಯಾರೋ ಹೇಳಿದ್ದಾ, ನೀನೇ ಊಹೆ ಮಾಡಿದ್ದಾ?

ಈ ಕಾಲುವೆ ವಿಷಯ ನಿಮ್ಮಪ್ಪನ ಹತ್ರನೂ ಕೇಳು, ನಾನು ಹೇಳಿದ್ದನ್ನಷ್ಟೇ ಹಿಡ್ಕೋಬೇಡ, ಆ ರಾತ್ರಿ ಮಳೆಲಿ ಅಲ್ಲಿದ್ದೋನು ಅವನು. ಜುಲೈ ಕೊನೆಗೆ ಎರಡನೇ ಔಷಧಿ ಹೊಡೆಸ್ತೀವಿ, ರಜೆ ಹಾಕಿ ಇಬ್ರೂ ಬನ್ನಿ. ಚಾಕು ನಿನ್ನ ಕೈಗೇ ಕೊಡ್ತೀನಿ. ದೊಡ್ಡಮ್ಮ ಕಳಲೆ ಉಪ್ಪಲ್ಲಿ ಹಾಕಿಟ್ಟಿದಾಳೆ.

ನಿನ್ನ ದೊಡ್ಡಪ್ಪ