ಮಗಳಿಗೊಂದು ಪತ್ರ: ನೀನು ಬಿಟ್ಟು ಹೋದ ಪುಸ್ತಕ ಓದಿ ಮುಗಿಸ್ದೆ

ಪುಟ್ಟಿ,

ದಸರಾಕ್ಕೆ ಬಂದಾಗ ಮಂಚದ ಪಕ್ಕ ಒಂದು ಪುಸ್ತಕ ಬಿಟ್ಟು ಹೋಗಿದ್ಯಲ್ಲ, ರಾಜಕುಮಾರ ಸ್ಟೆರ್ನೆನ್‌ಹೋಖ್‌ನ ಸಂಕಟಗಳು ಅನ್ನೋ ಆ ಜೆಕ್ ಕಾದಂಬರಿಯ ಇಂಗ್ಲಿಷ್ ಅನುವಾದ, ಅದನ್ನ ಓದಿ ಮುಗಿಸ್ದೆ. ಫೋನಲ್ಲಿ ಕೇಳಿದಾಗ "ಅಮ್ಮ, ಅದು ನೀನು ಓದೋದು ಬೇಡ, ತುಂಬಾ ಡಾರ್ಕ್ ಆಗಿದೆ" ಅಂದಿದ್ದೆ. ಮೂರು ವಾರ ಹಿಡೀತು. ಮಧ್ಯಾಹ್ನ ಊಟ ಆದ್ಮೇಲೆ ದಿನಾ ಹತ್ತು ಹನ್ನೆರಡು ಪುಟ, ಅರ್ಥ ಆಗ್ದಿದ್ದ ಕಡೆ ಪೆನ್ಸಿಲ್ ಗೀಟು ಹಾಕಿದೀನಿ, ಬೈಬೇಡ.

ಮೊದಮೊದಲು ಎಷ್ಟು ನಕ್ಕಿದೀನಿ ಗೊತ್ತಾ. ಈ ರಾಜಕುಮಾರ ಜರ್ಮನಿಯ ದೊಡ್ಡ ಶ್ರೀಮಂತ, ಚಕ್ರವರ್ತಿ ವಿಲ್‌ಹೆಲ್ಮ್‌ಗೆ ಬೇಕಾದವನು, ಡೈರಿಯಲ್ಲಿ ತನ್ನನ್ನ ತಾನೇ ಸುಂದರ ಅಂತ ಬರ್ಕೋತಾನೆ, ಆಮೇಲೆ ಎತ್ತರ 150 ಸೆಂಟಿಮೀಟರ್, ತೂಕ 45 ಕೆಜಿ, ಹಲ್ಲಿಲ್ಲ, ಕೂದ್ಲಿಲ್ಲ, ಸ್ವಲ್ಪ ಮೆಳ್ಳಗಣ್ಣು, ಕುಂಟು ಅಂತಾನೂ ಅವನೇ ಹೇಳ್ತಾನೆ, ಅದಕ್ಕೇನೀಗ ಸೂರ್ಯನಲ್ಲೂ ಕಲೆ ಇಲ್ವಾ ಅಂತಾನೆ. ಈ ನಗು ಎಲ್ಲಿ ನಿಂತು ಹೋಯ್ತು ಅಂತ ಆಮೇಲೆ ಪುಟ ತಿರುಗಿಸಿ ಹುಡುಕಿದೆ, ಸಿಗ್ಲಿಲ್ಲ. ನಗ್ತಾ ನಗ್ತಾನೇ ಆ ಮನುಷ್ಯ ನಮ್ಮನ್ನ ನೆಲಮಾಳಿಗೆಗೆ ಇಳಿಸಿಬಿಟ್ಟಿರ್ತಾನೆ.

ಹೆಲ್ಗಾನ ಮದುವೆ ಆಗೋವಾಗ ಅವಳು ಮಾತೇ ಆಡಲ್ಲ. ಹೆಣದ ಥರ ಕೂತಿರ್ತಾಳೆ. ಆ ಮೌನದಲ್ಲಿ ಏನಿದೆ ಅಂತ ಒಬ್ಬರಾದ್ರೂ ಕೇಳ್ಬೇಕಿತ್ತಲ್ವಾ, ಕೇಳಲ್ಲ. ಆಮೇಲೆ ಅವಳು ಎದ್ದು ನಿಂತಾಗ, ಬೆಂಕಿ ಥರ ಆದಾಗ, ಅವನು ಅವಳನ್ನ ರಾಕ್ಷಸಿ ಅಂತ ಕರೀತಾನೆ. ಮಗುವಿನ ಜಾಗ ಬಂದಾಗ ನಾನು ಪುಸ್ತಕ ಮುಚ್ಚಿ ನಾಲ್ಕು ದಿನ ಮುಟ್ಲಿಲ್ಲ. ಹೆತ್ತ ಮಗೂನ ಅವಳು ಕೊಲ್ಲೋದನ್ನ ಇವತ್ತಿಗೂ ನಾನು ಕ್ಷಮಿಸಲ್ಲ, ಆದ್ರೆ ಅವನು ಅವಳಿಗೆ ಹೊಡ್ದು ಸಂಕೋಲೆ ಹಾಕಿ ನೆಲಮಾಳಿಗೇಲಿ ಹಸಿವಿಂದ ಸಾಯೋಕೆ ಬಿಡ್ತಾನಲ್ಲ, ಅಲ್ಲಿಂದ ಮುಂದೆ ಹುಚ್ಚು ಹಿಡಿಯೋದು ಬೀಗ ಹಾಕ್ದವನಿಗೆ. ಸತ್ತ ಹೆಂಡತಿ ಬರ್ತಾಳೆ. ಇದು ದೆವ್ವಾನೋ ನನ್ನ ಭ್ರಮೆನೋ ಅಂತ ಅವನು ಪುಟಗಟ್ಲೆ ತನ್ನ ಜೊತೆ ತಾನೇ ವಾದ ಮಾಡ್ತಾನೆ, ಮಾಟಗಾತಿ ಹತ್ರಾನೂ ಹೋಗ್ತಾನೆ. ಹೆದರಿಕೆ ಇದೆ, ಜಂಬ ಇದೆ, ಸ್ವಂತ ಸಂಕಟದ ಬಗ್ಗೆ ಅಷ್ಟೊಂದು ಪುಟ ಇದೆ. ಅಲ್ಲಿ ಕೆಳಗೆ ಅವಳಿಗೆ ಎಷ್ಟು ಹಸಿವಾಗಿರಬಹುದು ಅನ್ನೋದಕ್ಕೆ ಮಾತ್ರ ಅವನ ಡೈರೀಲಿ ಜಾಗ ಇಲ್ಲ.

ಬರ್ದವನ ಬಗ್ಗೆನೂ ಓದ್ಕೊಂಡೆ. ಲಾಡಿಸ್ಲಾವ್ ಕ್ಲೀಮಾ, 1878ರಲ್ಲಿ ಬೊಹೀಮಿಯಾದ ದೊಮಾಜ್ಲಿತ್ಸೆ ಅನ್ನೋ ಊರಲ್ಲಿ ಹುಟ್ಟಿದ್ದು. ರಾಜಮನೆತನಕ್ಕೆ ಅವಮಾನ ಮಾಡ್ದ ಅಂತ 1895ರಲ್ಲಿ ಇಡೀ ಆಸ್ಟ್ರಿಯಾ ಸಾಮ್ರಾಜ್ಯದ ಯಾವ ಶಾಲೆಗೂ ಸೇರಿಸ್ಬಾರ್ದು ಅಂತ ಹೊರಗೆ ಹಾಕಿದ್ರು, ಆಮೇಲೆ ಅವನು ಶಾಲೆ ಕಡೆ ತಲೆನೇ ಹಾಕ್ಲಿಲ್ಲ. 1904ರಲ್ಲಿ ಮೊದಲ್ನೇ ಪುಸ್ತಕ, ಜಗತ್ತು ಅಂದ್ರೆ ಪ್ರಜ್ಞೆ, ಜಗತ್ತು ಅಂದ್ರೆ ಏನೂ ಇಲ್ಲ ಅನ್ನೋ ವಾದ, ಹೆಸರು ಕೂಡ ಹಾಕ್ದೆ ಪ್ರಿಂಟ್ ಮಾಡಿಸ್ದ. ಸ್ಟೀಮ್ ಇಂಜಿನ್ ನೋಡ್ಕೊಳ್ಳೋ ಕೆಲಸ, ಖಾಲಿ ಬಿದ್ದ ಫ್ಯಾಕ್ಟರಿ ಕಾಯೋ ಕೆಲಸ, ಕೊನೆಗೆ ಪ್ರಾಗ್‌ನ ಹೊರವಲಯದ ವಿಸೊಚಾನಿಯ ಹೋಟೆಲ್ ರೂಮು, ಕುಡಿತ. ಕ್ಷಯ ಬಂದು 1928ರ ಏಪ್ರಿಲ್‌ನಲ್ಲಿ ಹೋಗ್ಬಿಟ್ಟ, ಐವತ್ತೂ ತುಂಬಿರ್ಲಿಲ್ಲ, ಈ ಕಾದಂಬರಿ ಅದೇ ವರ್ಷ ಅಚ್ಚಾಯ್ತು. ಎಲ್ಲಾ ನಮ್ಮ ಪ್ರಜ್ಞೆಯ ಆಟ, ನಾನೇ ದೇವರು ಅಂತ ನಂಬಿದ್ದವನು ಅವನು. ನಮ್ಮಲ್ಲೂ ಜಗತ್ತು ಮಿಥ್ಯೆ ಅನ್ನೋ ಮಾತು ಚಿಕ್ಕಂದಿನಿಂದ ಕೇಳಿದೀನಲ್ಲ, ಹಾಗಾಗಿ ಆ ಭಾಗ ಹೊಸದೇನೂ ಅನ್ನಿಸ್ಲಿಲ್ಲ. ಆದ್ರೆ ಹಸಿವು ಕನಸು ಅಂತ ಯಾರೇ ಹೇಳಿದ್ರೂ ನಾನು ಒಪ್ಪಲ್ಲ ಪುಟ್ಟಿ, ಯಾಕೆ ಅಂತ ಹೇಳ್ತೀನಿ.

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೇಲಿ ಬಚ್ಚಲ ಕೊಟ್ಟಿಗೆ ಪಕ್ಕ ಒಂದು ಕೋಣೆ ಇತ್ತಲ್ಲ, ಅಡಿಕೆ ಮೂಟೆ ಇಡೋ ಕೋಣೆ ಅಂತ ನಿಂಗೆ ಹೇಳಿದ್ನಲ್ಲ, ಅದರಲ್ಲಿ ಮೊದಲು ಅಜ್ಜನ ತಂಗಿ ಇದ್ರು. ಗಂಡನ ಮನೆಯವರು ಮದುವೆ ಆದ ಎರಡೇ ವರ್ಷಕ್ಕೆ ವಾಪಸ್ ಬಿಟ್ಟು ಹೋಗಿದ್ದು, ಮಾತು ಬಿಟ್ಟಿದ್ರಂತೆ, ರಾತ್ರಿ ಎದ್ದು ತೋಟದ ಕಡೆ ಹೋಗ್ತಿದ್ರಂತೆ. ಮೈಮೇಲೆ ಏನೋ ಬಂದಿದೆ ಅಂತ ಮಂತ್ರವಾದಿ ಕರೆಸಿದ್ರು, ತಾಯಿತ ಕಟ್ಟಿಸಿದ್ರು, ಕೊನೆಗೆ ಬೀಗ. ಊಟ ಕೊಡ್ತಿದ್ರು, ಆದ್ರೆ ನೆಂಟರು ಬಂದ ದಿನ ಮರೆತು ಹೋಗ್ತಿತ್ತು. ನಂಗೆ ಆಗ ಏಳು ವರ್ಷ. ಮರದ ಸರಳಿನ ಸಣ್ಣ ಕಿಟಕಿ, ನಾನು ಒರಳಿನ ಮೇಲೆ ಹತ್ತಿ ನಿಂತು ಒಂದ್ಸಲ ಒಂದಚ್ಚು ಬೆಲ್ಲ ಒಳಗೆ ಕೊಟ್ಟೆ. ಅವರು ಅದನ್ನ ಗೋಡೆಗೆ ಕುಟ್ಟಿ ಎರಡು ಮಾಡಿ, ದೊಡ್ಡ ಚೂರನ್ನ ಸರಳಿನ ಸಂದಿಯಿಂದ ನಂಗೇ ವಾಪಸ್ ಕೊಟ್ರು. ಕೈಯೆಲ್ಲಾ ಇರುವೆ ಕಚ್ಚಿದ ಗುರುತು. ಆ ಕೈ ನೋಡಿದ್ರೆ ರಾಕ್ಷಸಿ ಅಂತ ಯಾರು ಹೇಳ್ತಿದ್ರು ಹೇಳು.

ಅವರು ಹೋದ್ಮೇಲೆ ಕೋಣೆಗೆ ಅಡಿಕೆ ಮೂಟೆ ತುಂಬಿಸಿದ್ರು. ಆದ್ರೆ ಅಜ್ಜ ರಾತ್ರಿ ಎರಡು ಗಂಟೆಗೆ ಲಾಟೀನು ಹಿಡ್ಕೊಂಡು ಎದ್ದು ಹೋಗಿ ಆ ಬೀಗ ಎಳೆದು ನೋಡಿ ಬರ್ತಿದ್ರು, ವರ್ಷಗಟ್ಲೆ, ಕಬ್ಬಿಣದ ಬೀಗ ಬಾಗಿಲಿಗೆ ಬಡಿಯೋ ಸದ್ದಿಗೆ ನಂಗೆ ಎಚ್ಚರ ಆಗ್ತಿತ್ತು. ಕಳ್ಳರ ಭಯ ಅಂತ ಅಜ್ಜಿ ಹೇಳ್ತಿದ್ಲು. ಈಗ ಈ ಪುಸ್ತಕ ಓದೋವಾಗ, ರಾಜಕುಮಾರ ಮತ್ತೆ ಮತ್ತೆ ಆ ನೆಲಮಾಳಿಗೆಯ ನೆನಪಿಗೇ ಹೋಗಿ ನಿಲ್ಲೋವಾಗ, ನಂಗೆ ಕೇಳ್ಸಿದ್ದು ಅದೇ ಸದ್ದು. ನಮ್ಮ ಮನೇಲಿ ಹುಚ್ಚು ಅಂತ ಇದ್ದಿದ್ದು ಒಬ್ಬರಿಗೆ ಮಾತ್ರ ಅಂತ ಐವತ್ತು ವರ್ಷ ಅಂದ್ಕೊಂಡಿದ್ದೆ.

ಈಗ ನಿನ್ನ ವಿಷ್ಯಕ್ಕೆ ಬರ್ತೀನಿ. ಎರಡು ತಿಂಗಳ ಹಿಂದೆ ನೀನು ನಿದ್ದೆ ಬರಲ್ಲ, ಏನೇನೋ ಯೋಚನೆ ಬರುತ್ತೆ, ತಲೆ ಕೆಟ್ಟೋಗುತ್ತೇನೋ ಅನ್ಸುತ್ತೆ ಅಂದಾಗ ನನ್ನ ಬಾಯಿಂದ ಬಂದ ಮೊದಲ್ನೇ ಮಾತು "ಯಾರ ಹತ್ರಾನೂ ಹೇಳ್ಬೇಡ" ಅಂತ. ನೀನು "ಸರಿ ಅಮ್ಮ" ಅಂದು ಫೋನ್ ಇಟ್ಟೆ. ಆಮೇಲೆ ಆ ವಿಷ್ಯ ಎತ್ಲೇ ಇಲ್ಲ, ನಾನೂ ಸುಧಾರಿಸಿದಾಳೆ ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ, ಹೆಲ್ಗಾ ಸುಮ್ನಿದ್ದಿದ್ದನ್ನ ಒಪ್ಪಿಗೆ ಅಂದ್ಕೊಂಡ್ರಲ್ಲ ಹಂಗೇ. ನನ್ನದು ತಪ್ಪಾಯ್ತು ಮಗಾ. ಆ ಮಾತು ವಾಪಸ್ ತಗೋತಿದೀನಿ. ಹೇಳು, ನಂಗೆ ಹೇಳು, ಡಾಕ್ಟರಿಗೆ ಹೇಳು, ನಿನ್ನ ರೂಮ್‌ಮೇಟಿಗೆ ಹೇಳು. ಅಪ್ಪಂಗೆ ನಿನ್ನೆ ರಾತ್ರಿ ನಾನೇ ಎಲ್ಲಾ ಹೇಳ್ದೆ, ಆ ಕೋಣೇಲಿದ್ದ ಅತ್ತೆ ವಿಷ್ಯಾನೂ. ಸುಮಾರು ಹೊತ್ತು ಸುಮ್ನೆ ಕೂತಿದ್ರು, ಆಮೇಲೆ "ಬೆಂಗಳೂರಿಗೆ ಯಾವ ಬಸ್ಸಿದೆ ನೋಡು" ಅಂದ್ರು.

ಶುಕ್ರವಾರ ರಾತ್ರಿ ಹೊರಡ್ತೀವಿ, ಬೆಳಿಗ್ಗೆ ಆರಕ್ಕೆಲ್ಲಾ ಮೆಜೆಸ್ಟಿಕ್‌ನಲ್ಲಿ ಇರ್ತೀವಿ. ಪುಸ್ತಕಾನೂ ತರ್ತಿದೀನಿ. ಬೆಲ್ಲ ಬೇಕಾ, ಜೋನಿ ಬೆಲ್ಲ ಈ ಸಲ ಚೆನ್ನಾಗಿ ಬಂದಿದೆ.

ಅಮ್ಮ