ಹೋಟೆಲ್ ಅಡುಗೆಮನೆಗೆ ಹೇಳದೆ ಬನ್ನಿ

ಮಾನ್ಯ ಸಂಪಾದಕರೇ,

ತುಮಕೂರು ಬಸ್ ನಿಲ್ದಾಣದ ಸುತ್ತ ಹೋಟೆಲ್‌ಗಳಿಗೇನೂ ಕಡಿಮೆ ಇಲ್ಲ. ಆದರೆ ಅಲ್ಲಿನ ಅಡುಗೆಮನೆಗಳ ತಪಾಸಣೆ ಯಾವಾಗ ಆಯ್ತು, ಏನು ಸಿಕ್ತು ಅನ್ನೋದು ತಿನ್ನುವವರಿಗೆ ಗೊತ್ತೇ ಆಗುವುದಿಲ್ಲ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರಲ್ಲಿ ಹೇಳಿತು, ಮರುವರ್ಷ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬೇಡ ಎಂದಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಹೆಸರಾದ ಊರು ನಮ್ಮದು. ಇಲ್ಲಿ ಇದು ಚೆನ್ನಾಗಿ ಜಾರಿಯಾಗಬೇಕು, ಅಲ್ವಾ?

ನನಗೆ ಜಾಸ್ತಿ ಚಿಂತೆ ಎಣ್ಣೆಯದು. ಬೋಂಡ, ವಡೆ, ಗೋಬಿ ಎಲ್ಲ ಒಂದೇ ಬಾಣಲೆಯಲ್ಲಿ, ಎಣ್ಣೆ ಕಪ್ಪಾದರೂ ಮೇಲೆ ಸ್ವಲ್ಪ ಹೊಸದು ಸುರಿದು ಮತ್ತೆ ಕರಿಯುವುದನ್ನು ನಾನೇ ಒಂದು ಕಡೆ ನೋಡಿದ್ದೇನೆ. ಎಣ್ಣೆಯಲ್ಲಿ ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತು, ಶೇ 25 ದಾಟಿದರೆ ಬಳಸುವಂತಿಲ್ಲ ಎಂಬ ನಿಯಮವಿದೆ. ಅದನ್ನು ಅಳೆಯುವ ಕೈ ಮೀಟರ್ ಇದೆ, ಬಿಸಿ ಎಣ್ಣೆಗೆ ಅದ್ದಿದರೆ ಅಲ್ಲೇ ಅಂಕಿ ತೋರಿಸುತ್ತದೆ. ಆಹಾರ ಸುರಕ್ಷತಾ ಅಧಿಕಾರಿಗಳು ಅದನ್ನು ಹಿಡಿದು, ಸಂಜೆ ವ್ಯಾಪಾರ ಜೋರಾಗಿರುವಾಗ ಹೇಳದೆ ಬರಬೇಕು.

ಆಹಾರ ಸುರಕ್ಷತೆಯ 14 ಅಂಕಿಯ ಲೈಸೆನ್ಸ್ ನಂಬರನ್ನು ಸುಮ್ನೆ ಗೋಡೆಗೆ ಹಾಕಿದರೆ ಸಾಲದು. ಕೊನೆಯ ತಪಾಸಣೆಯ ದಿನಾಂಕ, ಫಲಿತಾಂಶ ಎರಡನ್ನೂ ಬಿಲ್ ಕೌಂಟರ್ ಹತ್ತಿರ ಹಾಕಿಸಿ. ಅಡುಗೆ ಮಾಡುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ ಆಗಬೇಕು ಎಂದೂ ನಿಯಮದಲ್ಲಿದೆ. ಅದರ ಖರ್ಚನ್ನು ಮಾಲೀಕರೇ ಕೊಡಲಿ, ಹುಡುಗರ ಸಂಬಳದಲ್ಲಿ ಹಿಡಿಯುವುದು ಬೇಡ.

ಒಬ್ಬ ಗ್ರಾಹಕ, ತುಮಕೂರು