ಮೇಗುತಿ ಗುಡ್ಡದ ಬುದ್ಧನ ಬಳಿ ನೆರಳು ಬೆಳೆಸಿ, ಪ್ರತಿಮೆ ಬೇಡ

ಮಾನ್ಯ ಸಂಪಾದಕರೆ,

ಬುದ್ಧ ಪೂರ್ಣಿಮೆ ಹತ್ತಿರವಾದಾಗಲೆಲ್ಲ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಒಂದು ಮಾತು ಏಳುತ್ತದೆ: ವಿಶ್ವಶಾಂತಿಗಾಗಿ ಇಲ್ಲಿಯೂ ಒಂದು ಎತ್ತರದ ಬುದ್ಧನ ಪ್ರತಿಮೆ ನಿಲ್ಲಬೇಕು, ಸುತ್ತಲೂ ಉದ್ಯಾನ ಆಗಬೇಕು ಎಂದು. ಆಸೆ ಒಳ್ಳೆಯದೇ. ಗುಳೇದಗುಡ್ಡದ ಬಳಿ ಸಸಿಗಳ ನರ್ಸರಿ ನಡೆಸುವ ನಾನು ಉದ್ಯಾನದ ಮಾತು ಕಿವಿಗೆ ಬಿದ್ದರೆ ಸುಮ್ಮನಿರುವವಳಲ್ಲ. ಆದರೆ ಹೀಗೆ ಕೇಳುವವರಲ್ಲಿ ಹೆಚ್ಚಿನವರು ಐಹೊಳೆಯ ಮೇಗುತಿ ಗುಡ್ಡವನ್ನು ಹತ್ತಿರಲಿಕ್ಕಿಲ್ಲ. ಹತ್ತಿದ್ದರೆ, ಬುದ್ಧ ನಮ್ಮ ಜಿಲ್ಲೆಯಲ್ಲಿ ಸುಮಾರು ಸಾವಿರದ ನಾನೂರು ವರ್ಷಗಳಿಂದ ಕುಳಿತೇ ಇದ್ದಾನೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು.

ಐಹೊಳೆಗೆ ಬರುವ ಪ್ರವಾಸಿಗರು ದುರ್ಗ ಗುಡಿ, ಲಾಡಖಾನ್ ಗುಡಿ ನೋಡಿ, ಹೊತ್ತು ಉಳಿದರೆ ರಾವಣಫಡಿಗೆ ಹೋಗಿ, ಪಟ್ಟದಕಲ್ಲಿನ ದಾರಿ ಹಿಡಿಯುತ್ತಾರೆ. ಗುಡ್ಡದ ಮೆಟ್ಟಿಲು ಹತ್ತುವವರು ಕಡಿಮೆ. ಹತ್ತಿದವರ ಕಣ್ಣೂ ನೆತ್ತಿಯ ಮೇಲಿರುವ ಮೇಗುತಿ ಜೈನ ಬಸದಿಯ ಮೇಲೆಯೇ ಇರುತ್ತದೆ. ಅದಕ್ಕಿಂತ ಸ್ವಲ್ಪ ಕೆಳಗೆ, ಅರ್ಧ ಬಂಡೆಯಲ್ಲಿ ಕೊರೆದು ಅರ್ಧ ಕಲ್ಲಿನಲ್ಲಿ ಕಟ್ಟಿದ ಎರಡು ಅಂತಸ್ತಿನ ಮಂದಿರವಿದೆ. ಆರನೆಯ ಶತಮಾನದ ಕೊನೆಯ ಭಾಗದ್ದು. ಎರಡೂ ಅಂತಸ್ತುಗಳ ಮುಂದೆ ಚೌಕ ಕಂಬಗಳ ಸಾಲು. ಕೆಳಗಿನ ಕೋಣೆಯ ಬಾಗಿಲುವಾಡಕ್ಕೆ ಬಲು ಸೂಕ್ಷ್ಮವಾದ ಕೆತ್ತನೆ. ಮೇಲಿನ ಅಂತಸ್ತಿನಲ್ಲಿ ತಲೆ ಎತ್ತಿ ನೋಡಿದರೆ ಕೊಡೆಯ ಕೆಳಗೆ ಕುಳಿತ ಬುದ್ಧ ಕಾಣುತ್ತಾನೆ. ಇನ್ನೊಂದು ಬುದ್ಧನ ಮೂರ್ತಿ ಬಿಡಿಯಾಗಿದೆ, ಅದಕ್ಕೆ ತಲೆಯಿಲ್ಲ. "ಯಾವ ದೇವರವ್ವಾ ಇದು, ರುಂಡವೇ ಇಲ್ಲವಲ್ಲ" ಎಂದು ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು. ಬುದ್ಧ ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಕೈಮುಗಿದು, ಕೂರಲು ನೆರಳು ಹುಡುಕಿದರು. ಸಿಗಲಿಲ್ಲ. ಕಂಬದ ಮರೆಯಲ್ಲಿ ನಿಂತು ನೀರು ಕುಡಿದು ಇಳಿದು ಹೋದರು.

ವಿಶ್ವಶಾಂತಿಯ ಮಾತಾಡಲು ಇದಕ್ಕಿಂತ ತಕ್ಕ ಜಾಗ ನಮ್ಮ ಕಡೆ ಬೇರೆ ಇಲ್ಲ. ಏಕೆಂದರೆ ಈ ಗುಡ್ಡವೆಲ್ಲ ಯುದ್ಧದ ನೆನಪು. ಮೇಲಿನ ಬಸದಿಯ ಗೋಡೆಯಲ್ಲಿ 634ರ ಶಾಸನವಿದೆ. ಅದರಲ್ಲಿ ಕವಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ದಂಡಯಾತ್ರೆಗಳನ್ನು ಒಂದೊಂದಾಗಿ ಹೊಗಳುತ್ತಾನೆ. ರಣದಲ್ಲಿ ಆನೆಗಳು ಬಿದ್ದದ್ದು ಕಂಡು ಹರ್ಷನ ಹರ್ಷವೇ ಅಳಿಯಿತು ಎನ್ನುತ್ತಾನೆ. ಆ ಶಾಸನ ಬರೆಸಿ ಹತ್ತು ವರ್ಷ ತುಂಬುವುದರೊಳಗೆ ಪಲ್ಲವರ ಸೇನೆ ಬಂದು ಬಾದಾಮಿಯನ್ನು ಹಿಡಿಯಿತು. ಹೊಳೆಯ ದಂಡೆಗೆ ಬಂದರೆ, ಪರಶುರಾಮ ಕೊಡಲಿ ತೊಳೆದಾಗ ಮಲಪ್ರಭೆ ಕೆಂಪಾಗಿ ಹರಿಯಿತು ಎಂದು ಊರವರು ಇಂದಿಗೂ ಹೇಳುತ್ತಾರೆ. ಇಂಥ ಕಡೆ, ಗೆದ್ದವರ ಹೊಗಳಿಕೆಗೆ ಕೂಗಳತೆಯಲ್ಲಿ, ಬುದ್ಧ ಕುಳಿತಿದ್ದಾನೆ. ಪುಲಿಕೇಶಿಯ ರಾಜ್ಯಕ್ಕೆ ಬಂದಿದ್ದ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಇಲ್ಲಿ ನೂರರಷ್ಟು ವಿಹಾರಗಳೂ ಐದು ಸಾವಿರದಷ್ಟು ಭಿಕ್ಷುಗಳೂ ಇದ್ದರೆಂದು ಬರೆದಿದ್ದಾನೆ. ಅದರಲ್ಲಿ ನಮ್ಮ ಕಣ್ಣಿಗೆ ಉಳಿದದ್ದು ಎಷ್ಟು ಅಲ್ಪ!

ಹೊಸದಾಗಿ ಏನೂ ಕಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ಬೇರೆಯವರು ಎಲ್ಲಿ, ಹೇಗೆ ಕಟ್ಟಿದರು ಎಂಬುದನ್ನು ನೋಡಬೇಕು. ಜಪಾನಿನ ಭಿಕ್ಷು ನಿಚಿದಾತ್ಸು ಫೂಜಿ 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ಅವರ ಡೋಲಿನ ಜಪ ಆಶ್ರಮದ ಪ್ರಾರ್ಥನೆಯಲ್ಲಿ ಸೇರಿತು. (ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಮ್ಮ ನೆರೆಯ ಬೆಳಗಾವಿಯದು, 1924ರಲ್ಲಿ. ಶಾಂತಿಯ ಮಾತು ನಮಗೆ ದೂರದ್ದಲ್ಲ ಎಂದು ನೆನಪಿಸಲು ಇದನ್ನು ಬರೆದೆ.) ಹಿರೋಶಿಮಾ, ನಾಗಸಾಕಿಗಳ ನಾಶದ ನಂತರ ಫೂಜಿಯವರು ಲೋಕದಲ್ಲೆಲ್ಲ ಶಾಂತಿ ಸ್ತೂಪಗಳನ್ನು ಕಟ್ಟಿಸಲು ತೊಡಗಿದರು. ಮೊದಲನೆಯದು 1954ರಲ್ಲಿ ಜಪಾನಿನ ಕುಮಾಮೊಟೊದಲ್ಲಿ. ಭಾರತದಲ್ಲಿ ರಾಜಗೀರ್‌ನ ವಿಶ್ವಶಾಂತಿ ಸ್ತೂಪ 1969ರದು. ಬುದ್ಧ ಉಪದೇಶಿಸಿದ ಗೃಧ್ರಕೂಟ ಅಲ್ಲಿಯೇ ಹತ್ತಿರದಲ್ಲಿದೆ. ಸ್ತೂಪವನ್ನು ಅದರ ಮೇಲೆ ಕಟ್ಟಲಿಲ್ಲ, ಅಲ್ಲಿನ ರತ್ನಗಿರಿ ಬೆಟ್ಟದ ನೆತ್ತಿಯ ಮೇಲೆ ಕಟ್ಟಿದರು. ಕಳಿಂಗ ಯುದ್ಧದ ನೆಲವಾದ ಧೌಲಿಯಲ್ಲೂ ಹಾಗೆಯೇ. ಅಶೋಕನ ಶಾಸನದ ಬಂಡೆಯನ್ನು ಅದರ ಪಾಡಿಗೆ ಬಿಟ್ಟು, ಬೆಟ್ಟದ ಮೇಲೆ ಬೇರೆ ಕಡೆ 1972ರಲ್ಲಿ ಬಿಳಿಯ ಸ್ತೂಪ ಎದ್ದಿತು. ಲುಂಬಿನಿಗೆ ಜಪಾನಿನ ವಾಸ್ತುಶಿಲ್ಪಿ ಕೆಂಜೊ ಟಾಂಗೆ ರೂಪಿಸಿದ ಯೋಜನೆಯಲ್ಲಿ ಬುದ್ಧ ಹುಟ್ಟಿದ ಜಾಗದ ಸುತ್ತ ಪವಿತ್ರ ಉದ್ಯಾನ ಮಾತ್ರ. ದೇಶದೇಶದ ವಿಹಾರಗಳಿಗೆ ಬೇರೆಯೇ ವಲಯ, ವಿಶ್ವಶಾಂತಿ ಸ್ತೂಪ ಇನ್ನೂ ಉತ್ತರಕ್ಕೆ. ಹಳೆಯದರ ಮೈಮೇಲೆ ಯಾರೂ ಹೊಸದನ್ನು ಹೇರಲಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಹಿರೋಶಿಮಾದ ಹೋಸೆನ್‌ಬೋ ಎಂಬ ಚಿಕ್ಕ ಬೌದ್ಧ ದೇವಾಲಯ. ಬಾಂಬು ಸಿಡಿದ ಕೇಂದ್ರದಿಂದ ಸುಮಾರು 1.1 ಕಿಲೋಮೀಟರ್ ದೂರ. ದೇವಾಲಯ ನೆಲಸಮವಾಯಿತು, ಅಂಗಳದ ಗಿಂಕ್ಗೊ ಮರ ಮಾತ್ರ ಮತ್ತೆ ಚಿಗುರಿತು. ಮುಂದೆ ಹೊಸ ಕಟ್ಟಡ ಕಟ್ಟುವಾಗ ಮರ ಅಡ್ಡ ಬಂತು. ಅವರು ಮರ ಕಡಿಯಲಿಲ್ಲ. ಮೆಟ್ಟಿಲುಗಳನ್ನೇ ಎರಡು ಪಾಲು ಮಾಡಿ, ಮರವನ್ನು ನಡುವೆ ಉಳಿಸಿಕೊಂಡರು. ಕೇಂದ್ರದಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ ಬದುಕಿ ಉಳಿದ ಮರಗಳನ್ನೆಲ್ಲ ಆ ನಗರ ಗುರುತಿಸಿ, ಒಂದೊಂದಕ್ಕೂ ಫಲಕ ಹಾಕಿದೆ. ಅವುಗಳ ಬೀಜಗಳು ಇಂದು ಬೇರೆ ಬೇರೆ ದೇಶಗಳಲ್ಲಿ ಸಸಿಗಳಾಗಿವೆ. ಶಾಂತಿಯ ಉದ್ಯಾನ ಎಂದರೆ ನನಗೆ ಇದು. ಹುಲ್ಲುಹಾಸು, ಬಣ್ಣದ ಕಾರಂಜಿ, ಸೆಲ್ಫಿ ತೆಗೆಯುವ ಕಟ್ಟೆ ಇವಕ್ಕೆ ಶಾಂತಿಯ ಹೆಸರು ಕೊಡುವುದು ನನಗೆ ಸರಿಕಾಣುವುದಿಲ್ಲ.

ಅಶೋಕ ಯುದ್ಧ ಬಿಟ್ಟ ಮೇಲೆ ತನ್ನ ಸ್ತಂಭಶಾಸನದಲ್ಲಿ ಏನು ಬರೆಸಿದ? ದಾರಿಗಳಲ್ಲಿ ಆಲದ ಮರ ನೆಡಿಸಿದ್ದೇನೆ, ಮನುಷ್ಯರಿಗೂ ಪ್ರಾಣಿಗಳಿಗೂ ಅವು ನೆರಳಾಗುತ್ತವೆ. ಮಾವಿನ ತೋಪು ಹಾಕಿಸಿದ್ದೇನೆ, ಬಾವಿ ತೋಡಿಸಿದ್ದೇನೆ ಎಂದು. ನಮಗೂ ಬೇಕಾದದ್ದು ಅದೇ. ಬುದ್ಧ ಪೂರ್ಣಿಮೆ ಬರುವುದು ವೈಶಾಖದಲ್ಲಿ, ನಮ್ಮ ಬಿಸಿಲು ತಾರಕಕ್ಕೇರಿದ ಕಾಲದಲ್ಲಿ. ಆ ದಿನ ಮೇಗುತಿ ಗುಡ್ಡ ಹತ್ತಿ ಇಳಿದವರಿಗೆ ಕೆಳಗೆ ಒಂದು ತೋಪು ಸಿಗಬೇಕು, ಕುಡಿಯಲು ನೀರು ಸಿಗಬೇಕು, ತಾವು ನೋಡಿ ಬಂದದ್ದು ಏನು ಎಂದು ಕನ್ನಡದಲ್ಲಿ ಓದಿಕೊಳ್ಳಲು ಒಂದು ಒಳ್ಳೆಯ ಫಲಕ ಇರಬೇಕು.

ಯಾವ ಮರ ನೆಡಬೇಕು ಎಂಬ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅಲ್ಲಿ ಹೊಸದಾಗಿ ಅರಳಿ ಮರ ನೆಡಬಾರದು. ಬುದ್ಧನಿಗೆ ಬೋಧಿ ವೃಕ್ಷ ಬೇಡವೇ ಎಂದು ಕೇಳುತ್ತೀರಿ. ಅರಳಿಯ ಹಣ್ಣು ತಿಂದ ಹಕ್ಕಿ ಗುಡಿಯ ಮೇಲೆ ಕುಳಿತರೆ ಬೀಜ ಕಲ್ಲಿನ ಸಂದಿಗೆ ಬೀಳುತ್ತದೆ. ಚಿಟಿಕೆ ಮಣ್ಣು ಸಾಕು, ಅದು ಮೊಳೆಯುತ್ತದೆ. ಬೇರು ದಪ್ಪವಾದಂತೆ ಶತಮಾನಗಳಿಂದ ಅಲುಗದ ಕಲ್ಲು ಜಾಗ ಬಿಡುತ್ತದೆ. ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಪೂಜೆಯ ಮರವೆಂದು ಬೇರುಸಹಿತ ಕೀಳಲು ಜನ ಅಂಜುತ್ತಾರೆ. ಗುಡ್ಡದ ಬುಡದಲ್ಲಿ ಅರಳಿ ಹೆಚ್ಚಿದಷ್ಟೂ ಮೇಲಿನ ಮಂದಿರಕ್ಕೆ ಆಪತ್ತು ಹೆಚ್ಚು. ಅರಳಿ ಕಟ್ಟೆಗಳು ನಮ್ಮ ಊರೂರಲ್ಲಿ ಇವೆ, ಅಲ್ಲಿ ಪೂಜೆ ನಡೆಯಲಿ. ಬುದ್ಧ ಹುಟ್ಟಿದ್ದೂ ಕಣ್ಮುಚ್ಚಿದ್ದೂ ಶಾಲ ಮರಗಳ ಕೆಳಗೆ ಎಂದು ಕೆಲವರು ಶಾಲ ಸಸಿ ಕೇಳಿಕೊಂಡು ಬರುತ್ತಾರೆ. ಅದು ನಮ್ಮ ಎರೆನೆಲದ ಮರವಲ್ಲ. ಶಾಲವೆಂದು ಹಲವು ಕಡೆ ಕೊಡುವುದು ನಾಗಲಿಂಗ ಪುಷ್ಪದ ಗಿಡವನ್ನು. ದಕ್ಷಿಣ ಅಮೆರಿಕದಿಂದ ಬಂದ ಆ ಮರವನ್ನು ಶ್ರೀಲಂಕಾದ ದೇವಾಲಯಗಳಲ್ಲೂ ಶಾಲವೆಂದೇ ನೆಟ್ಟಿದ್ದಾರೆ.

ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲದಲ್ಲಿ ಬಾಳುವ ಮರಗಳು ಯಾವುವು ಎಂದು ನಮ್ಮ ಹೊಲದ ಬದುಗಳೇ ಹೇಳುತ್ತವೆ: ಬೇವು, ಹೊಂಗೆ, ಹುಣಸೆ, ತಪಸಿ, ಬನ್ನಿ, ಮುತ್ತುಗ, ಕಕ್ಕೆ. ಬೇವು, ಹೊಂಗೆಗಳು ಬೇಸಿಗೆಯ ಮುಖದಲ್ಲೇ ಹೊಸ ಎಲೆ ತುಂಬಿಕೊಂಡು ನೆರಳು ಕೊಡುತ್ತವೆ. ವೈಶಾಖದಲ್ಲಿ ಕಕ್ಕೆ ಮೈತುಂಬ ಹಳದಿ ಹೂ ಬಿಡುತ್ತದೆ, ಪೂರ್ಣಿಮೆಗೆ ಬೇರೆ ಅಲಂಕಾರ ಬೇಕಾಗುವುದಿಲ್ಲ. ಹೊಳೆಯ ದಂಡೆ ಬೇಡ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ನಾವು ಯಾರೂ ಮರೆತಿಲ್ಲ. ಕಾಯ್ದೆಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಆ ಮಿತಿ ದಾಟಿ, ಪುರಾತತ್ವ ಇಲಾಖೆಯವರನ್ನು ಮೊದಲೇ ಕೇಳಿ ಜಾಗ ಗುರುತಿಸಬೇಕು. ತಲೆಯಿಲ್ಲದ ಮೂರ್ತಿಗೆ ಹೊಸ ತಲೆ ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಅದನ್ನು ಇಲ್ಲಿಗೇ ಬಿಡಲಿ. ಅದು ಹೇಗಿದೆಯೋ ಹಾಗೆಯೇ ಪೂಜ್ಯ.

ಎಲ್ಲಕ್ಕಿಂತ ಮುಖ್ಯವಾದದ್ದು ನೀರು ಹಾಕುವವರು. ಪ್ರತಿ ವರ್ಷ ಪರಿಸರ ದಿನವಾದ ಜೂನ್ 5ರ ಹಿಂದಿನ ವಾರ ನನ್ನ ನರ್ಸರಿಯಿಂದ ಟ್ರ್ಯಾಕ್ಟರ್‌ಗಟ್ಟಲೆ ಸಸಿ ಹೋಗುತ್ತವೆ. ಮರುವರ್ಷ ಅದೇ ಜನ ಬಂದು, ಅದೇ ಗುಂಡಿಗಳಿಗೆ ಮತ್ತೆ ಸಸಿ ಕೇಳುತ್ತಾರೆ. ಆ ಮಾರಾಟದ ಹಣ ಎಣಿಸುವಾಗ ನನಗೆ ಹೊಟ್ಟೆ ಉರಿಯುತ್ತದೆ. ನೆಟ್ಟವರ ಫೋಟೊ ಉಳಿಯಿತು, ಗಿಡ ಒಣಗಿತು. ಎರೆನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಎಳೆಯ ಬೇರು ಆ ಬಿರುಕಿನಲ್ಲಿ ಹರಿದುಹೋಗುತ್ತದೆ. ಬುಡಕ್ಕೆ ಸೊಪ್ಪು, ಕಣಿಕೆ ಮುಚ್ಚಬೇಕು, ಪಕ್ಕದಲ್ಲಿ ಸಣ್ಣ ತೂತಿನ ಗಡಿಗೆ ಹೂತು ನೀರು ತುಂಬಬೇಕು, ಆಡು ಬಾಯಿ ಹಾಕದಂತೆ ಮುಳ್ಳು ಕಟ್ಟಬೇಕು. ಮೂರು ಬೇಸಿಗೆ ದಾಟಿಸಿದರೆ ಮರ ತನ್ನ ಕಾಲ ಮೇಲೆ ನಿಲ್ಲುತ್ತದೆ. ಪ್ರತಿಮೆಗೆ ಕೋಟಿ ಕೋಟಿ ಕೇಳುವ ಬದಲು ಐಹೊಳೆಯವರೇ ಆದ ಇಬ್ಬರು ಮಾಲಿಗಳಿಗೆ ಕಾಯಂ ಸಂಬಳ ಕೇಳೋಣ.

ಜಿಲ್ಲಾಡಳಿತವೂ ಐಹೊಳೆಯ ಗ್ರಾಮ ಪಂಚಾಯಿತಿಯೂ ಜಾಗ ತೋರಿಸಿ, ನೀರಿಗೂ ಮಾಲಿಗಳಿಗೂ ಗೊತ್ತು ಮಾಡಿದರೆ ಸಸಿಗಳನ್ನು ನಾನು ಕೊಡುತ್ತೇನೆ. ಬೆಲೆ ಬೇಡ. ಆಳೆತ್ತರಕ್ಕೆ ಬೆಳೆದ ಬೇವು, ಹೊಂಗೆ, ತಪಸಿ ಈಗಲೇ ನನ್ನಲ್ಲಿವೆ, ಕಕ್ಕೆಯ ಬೀಜವನ್ನು ಈ ವರ್ಷ ಹಾಕುತ್ತೇನೆ. ಆರಿದ್ರಾ ಮಳೆ ಬಿದ್ದ ಮೇಲೆ ನೆಡಬೇಕು, ಗುಂಡಿಗಳನ್ನು ಮಾತ್ರ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟಿರಬೇಕು.

ಇತಿ,
ಸಸಿ ಬೆಳೆಸುವ ಓದುಗಾರ್ತಿ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ